ಕಿರುಕಾರು ಬರೀ ಆಟಿಕೆಯಲ್ಲ: ಸುಂಕದ ಕಣ್ಣಿಗೆ ಬೀಳದ ಕುಶಲತೆ

ಜಪಾನಿನ ಶಿಜುವೋಕಾ ನಗರದ ತಮಿಯಾ ಕಂಪನಿಯ ಅಧ್ಯಕ್ಷ ಶುನ್‌ಸಾಕು ತಮಿಯಾ 2025ರ ಜುಲೈ 18ರಂದು ತಮ್ಮ 90ನೇ ವಯಸ್ಸಿನಲ್ಲಿ ನಿಧನರಾದರು. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಜೋಡಿಸಿ ಕಾರು, ವಿಮಾನ, ಹಡಗುಗಳ ಕಿರುಮಾದರಿ ಕಟ್ಟುವ ಹವ್ಯಾಸಿಗಳಿಗೆ ಈ ಹೆಸರು ಜಗತ್ತಿನಾದ್ಯಂತ ಪರಿಚಿತ. 1970ರ ದಶಕದಲ್ಲಿ ಪೋರ್ಷೆ ಕಾರಿನ ಮಾದರಿಯನ್ನು ಹೊರತರಲು ಹೊರಟಾಗ ಅವರಿಗೆ ಬೇಕಾದ ಅಳತೆಗಳು ದೊರೆಯಲಿಲ್ಲ. ಆಗ ಅವರು ಮಾಡಿದ್ದೇನು? ನಿಜವಾದ ಪೋರ್ಷೆ 911 ಕಾರನ್ನೇ ಕೊಂಡು, ಬಿಚ್ಚಿಸಿ, ಭಾಗಗಳನ್ನು ಒಂದೊಂದಾಗಿ ಅಳೆಸಿದರು. ಹನ್ನೆರಡರಲ್ಲೊಂದು ಗಾತ್ರದ ಮಾದರಿಗಾಗಿ ಅಸಲಿ ಕಾರನ್ನೇ ಬಿಚ್ಚಿದ ಈ ಪ್ರಸಂಗ ಹವ್ಯಾಸಿಗಳ ವಲಯದಲ್ಲಿ ದಂತಕಥೆಯಂತೆ ಉಳಿದಿದೆ.

ಇಷ್ಟು ನಿಷ್ಠೆಯಿಂದ ರೂಪುಗೊಂಡ ವಸ್ತು ಭಾರತದ ಬಂದರಿಗೆ ಬಂದಿಳಿದಾಗ ಅದರ ಹೆಸರು ಒಂದೇ: ಆಟಿಕೆ. ಕೀಲಿ ಕೊಟ್ಟರೆ ಕುಣಿಯುವ ಕೋತಿಗೂ, ಮೂರು ತಿಂಗಳು ಕುಳಿತು ಕಟ್ಟಬೇಕಾದ ಫಾರ್ಮುಲಾ ಒನ್ ಕಾರಿಗೂ ಸುಂಕದ ಪಟ್ಟಿಯಲ್ಲಿ ವ್ಯತ್ಯಾಸವಿಲ್ಲ. ಮೇಲ್ನೋಟಕ್ಕೆ ಇದು ಬೆರಳೆಣಿಕೆಯ ಹವ್ಯಾಸಿಗಳ ಗೊಣಗಾಟವೆಂದು ತೋರಬಹುದು. ಆದರೆ ಆಟಿಕೆ ಉದ್ಯಮದಲ್ಲಿ ಜಗತ್ತಿನ ಮುಂದೆ ನಿಲ್ಲಬೇಕೆಂದು ಹೊರಟಿರುವ ದೇಶವೊಂದು ಕುಶಲತೆಯನ್ನು ಹೇಗೆ ಕಾಣುತ್ತಿದೆ ಎಂಬ ದೊಡ್ಡ ಪ್ರಶ್ನೆ ಇದರೊಳಗೆ ಅಡಗಿದೆ.

ಕಟ್ಟುವುದೆಂದರೆ ಏನು?

ಈ ಹವ್ಯಾಸದ ಪರಿಚಯವಿಲ್ಲದವರಿಗೆ ಎರಡು ಮಾತು. ಕಿಟ್ ಎಂದು ಕರೆಯುವ ಪೆಟ್ಟಿಗೆಯೊಳಗೆ ಕಾರು ಇರುವುದಿಲ್ಲ. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಅಂಟಿಕೊಂಡ ಹತ್ತಾರು, ಕೆಲವೊಮ್ಮೆ ನೂರಾರು ಬಿಡಿಭಾಗಗಳು ಇರುತ್ತವೆ. ಅವುಗಳನ್ನು ಕತ್ತರಿಸಿ, ಅಂಚು ಉಜ್ಜಿ, ಅಂಟಿಸಬೇಕು. ಬಳಸುವ ಅಂಟು ಸಾಮಾನ್ಯ ಗೋಂದಲ್ಲ. ಪ್ಲಾಸ್ಟಿಕ್ಕನ್ನೇ ಕೊಂಚ ಕರಗಿಸಿ ಬೆಸುಗೆ ಹಾಕುವ ದ್ರವ. ಕಾರುಗಳಲ್ಲಿ 24ರಲ್ಲೊಂದು ಗಾತ್ರ ಹೆಚ್ಚು ಬಳಕೆಯಲ್ಲಿದೆ. ಅಮೆರಿಕದ ಕಿಟ್‌ಗಳಲ್ಲಿ 25ರಲ್ಲೊಂದು ಸಾಮಾನ್ಯ. ನಾಲ್ಕು ಮೀಟರ್ ಉದ್ದದ ಕಾರು 24ರಲ್ಲೊಂದು ಗಾತ್ರಕ್ಕೆ ಇಳಿದರೆ ಹದಿನೇಳು ಸೆಂಟಿಮೀಟರಿಗೂ ತುಸು ಕಡಿಮೆ.

ವಿಮಾನ ಅಥವಾ ಯುದ್ಧ ಟ್ಯಾಂಕಿನ ಮಾದರಿಗಿಂತ ಕಾರಿನ ಮಾದರಿ ಕಷ್ಟವೆಂದು ಅನುಭವಿಗಳು ಹೇಳುವುದುಂಟು. ಟ್ಯಾಂಕಿನ ಮೇಲೆ ಕೆಸರು, ತುಕ್ಕು ಬಳಿದು ತಪ್ಪನ್ನು ಮುಚ್ಚಬಹುದು. ಆದರೆ ಕಾರು ಕನ್ನಡಿಯಂತೆ ಹೊಳೆಯಬೇಕು. ಮೊದಲು ಪ್ರೈಮರ್, ಅದರ ಮೇಲೆ ತೆಳುವಾದ ಬಣ್ಣದ ಪದರಗಳು, ಬಳಿಕ ಪಾರದರ್ಶಕ ಲೇಪ, ಕೊನೆಗೆ ನೀರು ಸವರಿದ ನಯವಾದ ಎಮರಿ ಕಾಗದದ ಉಜ್ಜಾಟ, ಪಾಲಿಶ್. ನಡುವೆ ಒಂದು ಧೂಳಿನ ಕಣ ಬಿದ್ದರೂ ಮತ್ತೆ ಮೊದಲಿನಿಂದ. ಮಳೆಗಾಲದಲ್ಲಿ ಗಾಳಿಯ ತೇವ ಹೆಚ್ಚಾದರೆ ಲ್ಯಾಕರ್ ಬಣ್ಣ ಒಣಗುವಾಗ ಬಿಳಿಚಿಕೊಳ್ಳುತ್ತದೆ. ಮಂಗಳೂರಿನ ಆಷಾಢದಲ್ಲಿ ಬಣ್ಣ ಹೊಡೆಯಲು ಹೊರಟವನು ಆಕಾಶ ನೋಡಿಯೇ ಕೆಲಸಕ್ಕೆ ಇಳಿಯಬೇಕು.

ತಾಳ್ಮೆ, ಅಳತೆ, ವಸ್ತುವಿನ ಗುಣಧರ್ಮದ ಅರಿವು, ನಕ್ಷೆ ಓದುವ ಅಭ್ಯಾಸ ಇವೆಲ್ಲ ಹೀಗೆ ಕೈಗೆ ಹತ್ತುತ್ತವೆ. ಎಂಜಿನ್ ಎಲ್ಲಿ ಕೂರುತ್ತದೆ, ಸಸ್ಪೆನ್ಶನ್ ಚಕ್ರವನ್ನು ಹೇಗೆ ಹಿಡಿದಿರುತ್ತದೆ ಎಂಬುದನ್ನು ಹದಿನಾಲ್ಕರ ಹುಡುಗಿಯೊಬ್ಬಳು ಪಠ್ಯಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ಇಲ್ಲಿ ಕಲಿಯಬಲ್ಲಳು.

ಸುಂಕದ ಕಥೆ

ಜಾಗತಿಕ ಸುಂಕ ವರ್ಗೀಕರಣದಲ್ಲಿ 9503 ಎಂಬ ಶೀರ್ಷಿಕೆಯಿದೆ. ಮಕ್ಕಳ ಮೂರು ಚಕ್ರದ ಸೈಕಲ್ಲು, ಗೊಂಬೆ, ಪದಬಂಧದಂಥ ಒಗಟಿನ ಆಟಿಕೆಗಳ ಜತೆಗೆ 'ಅಳತೆಗೆ ತಕ್ಕ ಕಿರುಮಾದರಿಗಳು' ಸಹ ಇದರಡಿಯಲ್ಲೇ ಬರುತ್ತವೆ. ವರ್ಗೀಕರಣ ಭಾರತದ್ದಲ್ಲ, ಆದರೆ ದರ ಭಾರತದ್ದು. 2020ರ ಬಜೆಟ್ಟಿನಲ್ಲಿ ಈ ಶೀರ್ಷಿಕೆಯ ಮೂಲ ಸೀಮಾಸುಂಕ ಶೇ. 20ರಿಂದ ಒಮ್ಮೆಲೇ ಶೇ. 60ಕ್ಕೆ ಏರಿತು. 2023ರಲ್ಲಿ ಅದನ್ನು ಶೇ. 70ಕ್ಕೆ ಒಯ್ಯಲಾಯಿತು. ಶೇ. 70ರ ದರದಲ್ಲಿ 3,000 ರೂಪಾಯಿ ಮೌಲ್ಯದ ಕಿಟ್ಟೊಂದನ್ನು ಅಂಗಡಿಯವನು ತರಿಸಿದರೆ ಸುಂಕವೇ 2,100 ರೂಪಾಯಿ. ಅದರ ಮೇಲೆ ಜಿಎಸ್‌ಟಿ, ಸಾಗಣೆ, ಅಂಗಡಿಯ ಲಾಭ ಬೇರೆ.

ಇದರೊಂದಿಗೆ ಬಂದದ್ದು ಗುಣಮಟ್ಟ ನಿಯಂತ್ರಣ ಆದೇಶ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ವಿದೇಶಿ ಕಾರ್ಖಾನೆಗೂ ಬಿಐಎಸ್ ಪರವಾನಗಿ ಬೇಕು. ಲಕ್ಷಗಟ್ಟಲೆ ಮಾರುವ ಕಂಪನಿಗೆ ಈ ವೆಚ್ಚ ಹೊರೆಯಲ್ಲ. ಆದರೆ ಭಾರತಕ್ಕೆ ವರ್ಷಕ್ಕೆ ಕೆಲವೇ ಪೆಟ್ಟಿಗೆ ಕಳುಹಿಸುವ ಕಿಟ್ ತಯಾರಕನಿಗೆ ಅದು ಲಾಭದ ಬಾಬಲ್ಲ.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಆದೇಶವನ್ನು ಅಕ್ಷರಶಃ ಓದಿದರೆ '14 ವರ್ಷ ಮೇಲ್ಪಟ್ಟವರಿಗೆ' ಎಂದು ಮುದ್ರಿಸಿದ ಕಿಟ್ ಅದರ ಹೊರಗೆ ಉಳಿಯಬೇಕು. ಆದರೆ ಅನೇಕ ಸರಳ ಕಿಟ್‌ಗಳ ಮೇಲೆ 8 ಅಥವಾ 10 ವರ್ಷ ಮೇಲ್ಪಟ್ಟವರಿಗೆ ಎಂದಿರುತ್ತದೆ. ಅವು ಆದೇಶದ ಹಿಡಿತಕ್ಕೆ ಸಿಗುತ್ತವೆ. ಅಂದರೆ ನಲವತ್ತರ ಸಾಫ್ಟ್‌ವೇರ್ ಉದ್ಯೋಗಿಗೆ ದುಬಾರಿ ಕಿಟ್ ಹೇಗೋ ದೊರೆತೀತು. ಹತ್ತು ವರ್ಷದ ಮಗುವಿಗೆ ಮೊದಲ ಕಿಟ್ ದೊರೆಯುವುದೇ ಕಷ್ಟ. ಹವ್ಯಾಸ ಬೇರೂರುವ ವಯಸ್ಸಿನಲ್ಲೇ ಬಾಗಿಲು ಮುಚ್ಚಿದಂತಾಯಿತು.

ಸ್ವಂತ ಬಳಕೆಗೆಂದು ವಿದೇಶದಿಂದ ಅಂಚೆಯಲ್ಲಿ ತರಿಸುವವರಿಗೆ ಸುಂಕದ ಲೆಕ್ಕ ಬೇರೆ ಎಂಬುದು ನಿಜ. ಆದರೆ ಪ್ರತಿಯೊಬ್ಬ ಹವ್ಯಾಸಿಯೂ ತಾನೇ ಆಮದುದಾರನಾದರೆ ಊರಿನ ಅಂಗಡಿ ಉಳಿಯುವುದಿಲ್ಲ. ಲ್ಯಾಕರ್ ಬಣ್ಣ, ತಿನ್ನರ್, ಸ್ಪ್ರೇ ಡಬ್ಬಿಗಳು ಬೆಂಕಿ ಹತ್ತುವ ವಸ್ತುಗಳಾದ್ದರಿಂದ ವಿಮಾನದ ಅಂಚೆಯಲ್ಲಿ ಬರುವಂತಿಲ್ಲ. ಕಿಟ್ ಬಂದರೂ ಬಣ್ಣ ಬರುವುದಿಲ್ಲ. ಅಂಗಡಿಯೆಂದರೆ ಬರೀ ಮಾರಾಟದ ಕಟ್ಟೆಯಲ್ಲ. ಹೊಸಬನು ಹಳಬನಿಂದ ಕಲಿಯುವ ಜಾಗವೂ ಹೌದು.

ಸರ್ಕಾರದ ವಾದದಲ್ಲಿ ಹುರುಳಿಲ್ಲವೇ?

ಇದೆ. 2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ಆಮದು ಆಟಿಕೆಗಳ ಮಾದರಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ. 67ರಷ್ಟು ಸುರಕ್ಷತೆಯ ಮಾನದಂಡ ತಲುಪಲಿಲ್ಲ. ಮಕ್ಕಳು ಬಾಯಿಗಿಡುವ ವಸ್ತುವಿನಲ್ಲಿ ವಿಷಕಾರಿ ರಾಸಾಯನಿಕ ಇರಬಾರದೆಂಬ ಕಾಳಜಿಯನ್ನು ಯಾರೂ ಅಲ್ಲಗಳೆಯಲಾರರು. ವ್ಯಾಪಾರದ ಅಂಕಿಅಂಶವೂ ಸರ್ಕಾರದ ಪರವಾಗಿದೆ: 2014-15ರಲ್ಲಿ ಸುಮಾರು 33 ಕೋಟಿ ಡಾಲರ್ ಇದ್ದ ಆಟಿಕೆ ಆಮದು 2022-23ರ ವೇಳೆಗೆ 16 ಕೋಟಿ ಡಾಲರಿನ ಆಸುಪಾಸಿಗೆ ಇಳಿಯಿತು; ಇದೇ ಅವಧಿಯಲ್ಲಿ ರಫ್ತು 10 ಕೋಟಿಗೂ ಕಡಿಮೆಯಿದ್ದದ್ದು 32 ಕೋಟಿ ಡಾಲರ್ ದಾಟಿತು.

ಆದರೆ ರಕ್ಷಣೆಯ ಸುಂಕಕ್ಕೆ ಒಂದು ಶರತ್ತಿದೆ: ರಕ್ಷಿಸಬೇಕಾದ ಉದ್ಯಮ ಇರಬೇಕು. ಮೃದು ಗೊಂಬೆ, ಬೋರ್ಡ್ ಆಟ, ಎಳೆದುಬಿಟ್ಟರೆ ಓಡುವ ಕಾರುಗಳಲ್ಲಿ ದೇಶೀ ತಯಾರಕರಿದ್ದಾರೆ. ಅಂಟಿಸಿ ಬಣ್ಣ ಬಳಿಯುವ ನಿಖರ ಕಿಟ್‌ಗಳಲ್ಲಿ ತಮಿಯಾ, ರೆವೆಲ್‌ಗಳಿಗೆ ಎದುರಾಗಿ ನಿಲ್ಲುವ ದೇಶೀ ಹೆಸರು ಮಾರುಕಟ್ಟೆಯಲ್ಲಿ ಕಾಣದು. ಇಲ್ಲದ ಬೆಳೆಗೆ ಬೇಲಿ ಹಾಕಿದರೆ ಆಗುವುದು ಒಂದೇ: ಹೊಲಕ್ಕೆ ಬೀಜವೂ ಬಾರದು.

ಶಿಜುವೋಕಾ ಕಲಿಸುವ ಪಾಠ

ತಮಿಯಾ ಹುಟ್ಟಿದ್ದು 1946ರಲ್ಲಿ, ಮರದ ವ್ಯಾಪಾರವಾಗಿ. 1951ರಲ್ಲಿ ಬೆಂಕಿ ಅನಾಹುತವಾಯಿತು. ಬಳಿಕ ಕಂಪನಿ ಮರದ ಮಾದರಿಗಳತ್ತ ಹೊರಳಿತು. 1960ರಲ್ಲಿ ಮೊದಲ ಪ್ಲಾಸ್ಟಿಕ್ ಕಿಟ್ ಹೊರಬಂತು. ಅದೇ ಪ್ರಾಂತದಲ್ಲಿ ಹಸೆಗಾವಾ, ಆವೊಶಿಮಾ, ಫುಜಿಮಿ ಬೆಳೆದವು. ಬಂದಾಯಿಯ ಮಾದರಿ ಕಾರ್ಖಾನೆಯೂ ಅಲ್ಲಿಯೇ ಇದೆ. ಮರಗೆಲಸದ ಊರೊಂದು ಜಪಾನಿನ ಮಾದರಿ ಉದ್ಯಮದ ರಾಜಧಾನಿಯಾಯಿತು. ಇದರ ಹಿಂದಿದ್ದುದು ಅಗ್ಗದ ಕೂಲಿಯಲ್ಲ, ಅಚ್ಚು ಮಾಡುವವರ ಕೈ. ಉಕ್ಕಿನ ಅಚ್ಚಿನಲ್ಲಿ ಕೂದಲೆಳೆಯ ತಪ್ಪಾದರೂ ಬಾಗಿಲು ಬಾನೆಟ್ಟಿಗೆ ಕೂಡುವುದಿಲ್ಲ. ಅಂಥ ಅಚ್ಚಿಗೆ ಆಯುಷ್ಯವೂ ದೀರ್ಘ. ಬ್ರಿಟನ್ನಿನ ಏರ್‌ಫಿಕ್ಸ್‌ನ ಮಾತೃಸಂಸ್ಥೆ ಹಂಬ್ರಾಲ್ 2006ರಲ್ಲಿ ಮುಗ್ಗರಿಸಿದಾಗ ಹಾರ್ನ್‌ಬಿ ಆ ಹೆಸರನ್ನು ಕೊಂಡಿತು. 2018ರಲ್ಲಿ ರೆವೆಲ್‌ನ ಒಡೆತನ ಹೊಂದಿದ್ದ ಅಮೆರಿಕದ ಹಾಬಿಕೊ ದಿವಾಳಿಯಾದಾಗಲೂ ಅದಕ್ಕೆ ಹೊಸ ಒಡೆಯರು ಸಿಕ್ಕಿದರು. ಕಂಪನಿ ಮುಳುಗಿದರೂ ಅಚ್ಚಿನ ಬೆಲೆ ಮುಳುಗುವುದಿಲ್ಲ.

ಭಾರತಕ್ಕೆ ಈ ಕೆಲಸ ಬಾರದೆಂದು ಹೇಳುವಂತೆಯೂ ಇಲ್ಲ. 2010ರ ದಶಕದಲ್ಲಿ ಏರ್‌ಫಿಕ್ಸ್‌ನ ಅನೇಕ ಪೆಟ್ಟಿಗೆಗಳ ಮೇಲೆ 'ಮೇಡ್ ಇನ್ ಇಂಡಿಯಾ' ಎಂಬ ಮುದ್ರೆಯಿತ್ತು. ಬ್ರಿಟಿಷ್ ಹವ್ಯಾಸಿಗಳು ಕಟ್ಟಿದ ವಿಮಾನಗಳ ಬಿಡಿಭಾಗಗಳು ಭಾರತದ ಯಂತ್ರಗಳಲ್ಲಿ ಎರಕಗೊಂಡಿದ್ದವು. ಎರಕ ಹೊಯ್ಯುವ ಕೆಲಸ ನಮ್ಮದಾಗಿತ್ತು, ವಿನ್ಯಾಸ ಮತ್ತು ಹೆಸರು ಅವರದಾಗಿತ್ತು. ಆಸೆಪಡಬೇಕಾದ್ದು ಆ ಎರಡನೆಯದಕ್ಕೆ.

ಕರ್ನಾಟಕದ ಪಾಲು

ಈ ವಿಷಯದಲ್ಲಿ ಕರ್ನಾಟಕದಷ್ಟು ಅನುಕೂಲವಿರುವ ರಾಜ್ಯಗಳು ಕಡಿಮೆ. ಡೆನ್ಮಾರ್ಕ್ ಸರ್ಕಾರದ ಸಹಯೋಗದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಚ್ಚು ಮಾಡುವ ಕುಶಲಿಗಳ ತಲೆಮಾರುಗಳನ್ನೇ ತಯಾರಿಸಿದೆ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಅದರ ಹಿಂದಿರುವ ಏಕಸ್ ಕಂಪನಿ ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಅನುಭವ ಪಡೆದದ್ದು. ವಿಮಾನದ ಬಿಡಿಭಾಗಕ್ಕೆ ಬೇಕಾದ ನಿಖರತೆ ಕಿರುಮಾದರಿಗೆ ಬೇಕಾದುದಕ್ಕಿಂತ ಕಡಿಮೆಯೇನಲ್ಲ.

ಮಾಡಲು ವಸ್ತುವೂ ಇದೆ. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ಬೆಂಗಳೂರಿನ ಸಿಪಾನಿ ಕಂಪನಿ ಹೊರತಂದ ಫೈಬರ್ ಮೈಯ ಡಾಲ್ಫಿನ್, 2001ರಲ್ಲಿ ಇದೇ ನಗರದಲ್ಲಿ ರಸ್ತೆಗಿಳಿದ ವಿದ್ಯುತ್ ಕಾರು ರೇವಾ, 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಹಾಗೂ ಮಾರುತಿ 800 ಇವೆಲ್ಲ ನಮ್ಮ ರಸ್ತೆಗಳ ನೆನಪು. ಜಪಾನೀಯನು ತನ್ನ ಅಪ್ಪನ ಕಾಲದ ಟೊಯೊಟಾವನ್ನು ಮೇಜಿನ ಮೇಲೆ ಕಟ್ಟಿಕೊಳ್ಳುತ್ತಾನೆ. ನಮ್ಮ ಅಪ್ಪಂದಿರ ಕಾರುಗಳು ಗುಜರಿ ಸೇರುತ್ತಿವೆ. ಅವುಗಳ ಅಳತೆ ತೆಗೆದಿಡುವವರು ಅಪರೂಪ. 3ಡಿ ಮುದ್ರಣದ ಯಂತ್ರಗಳು ಮನೆಯ ಮೇಜಿಗೆ ಬಂದಿರುವ ಈ ದಿನಗಳಲ್ಲಿ ದುಬಾರಿ ಅಚ್ಚಿಲ್ಲದೆಯೂ ಸಣ್ಣ ಪ್ರಮಾಣದ ಕಿಟ್ ಮಾಡಬಹುದು. ಆದರೆ ಅದನ್ನು ಕೊಂಡು ಕಟ್ಟಬಲ್ಲ, ತಪ್ಪು ಕಂಡರೆ ಹೇಳಬಲ್ಲ ಹವ್ಯಾಸಿಗಳ ಬಳಗ ಮೊದಲು ಬೇಕು. ಪೋರ್ಷೆಯನ್ನು ಬಿಚ್ಚಿಸಿದ್ದು ತಮಿಯಾ ಒಬ್ಬರ ಹಟವಷ್ಟೇ ಅಲ್ಲ; ತಪ್ಪನ್ನು ಕ್ಷಮಿಸದ ಗ್ರಾಹಕರೂ ಅದಕ್ಕೆ ಕಾರಣ.

ಆಗಬೇಕಾದದ್ದೇನು?

ದಾರಿ ಕಷ್ಟದ್ದಲ್ಲ. 9503ರ ಒಳಗೇ, ಬಣ್ಣ ಬಳಿಯದ, ಜೋಡಿಸದ ಕಿರುಮಾದರಿ ಕಿಟ್‌ಗಳಿಗೆ ಪ್ರತ್ಯೇಕ ಉಪಶೀರ್ಷಿಕೆ ಮತ್ತು 2020ಕ್ಕೆ ಮೊದಲಿದ್ದ ಮಟ್ಟದ ಸುಂಕ ನಿಗದಿ ಮಾಡಬಹುದು. ಹತ್ತು ವರ್ಷದವರ ಕಿಟ್‌ಗಳಿಗೆ ಪರೀಕ್ಷೆ ಇರಲಿ. ಆದರೆ ಅಂತರರಾಷ್ಟ್ರೀಯ ಮಾನ್ಯತೆಯಿರುವ ಪ್ರಯೋಗಾಲಯದ ವರದಿಯನ್ನು ಒಪ್ಪಿಕೊಳ್ಳಲಿ. ಇಂಥ ವಿನಾಯಿತಿಯ ಹೆಸರಿನಲ್ಲಿ ಸಿದ್ಧ ಆಟಿಕೆ ನುಸುಳೀತೆಂಬ ಆತಂಕಕ್ಕೆ ಉತ್ತರ ಸರಳ: ಚೌಕಟ್ಟಿಗೆ ಅಂಟಿಕೊಂಡ ಬಿಡಿಭಾಗವನ್ನು ಸಿದ್ಧ ಆಟಿಕೆಯೆಂದು ಯಾರೂ ಮಾರಲಾರರು.

ಕಾನೂನಿಗೆ ಕೈಕೆಲಸದ ಬೆಲೆ ಗೊತ್ತಿಲ್ಲವೆಂದೇನೂ ಅಲ್ಲ. ಗುಣಮಟ್ಟ ಆದೇಶದಿಂದ ನೋಂದಾಯಿತ ಕುಶಲಕರ್ಮಿಗಳಿಗೂ, ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೂ ಆರಂಭದಲ್ಲೇ ವಿನಾಯಿತಿ ದೊರೆಯಿತು. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು ಉಸಿರಾಡಿದ್ದು ಅದರಿಂದಲೇ. ಮಾಡುವ ಕೈಗೆ ತೋರಿದ ಆ ವಿವೇಕವನ್ನು ಕಲಿಯುವ ಕೈಗೂ ತೋರಬೇಕೆಂಬುದಷ್ಟೇ ಇಲ್ಲಿನ ಬೇಡಿಕೆ.

2025ರ ಬಜೆಟ್ ಭಾಷಣದಲ್ಲಿ ಭಾರತವನ್ನು ಜಾಗತಿಕ ಆಟಿಕೆ ಕೇಂದ್ರವಾಗಿಸುವ ಯೋಜನೆಯ ಮಾತು ಬಂತು. ಕ್ಲಸ್ಟರ್, ಕೌಶಲ, ವಿಶಿಷ್ಟ ವಿನ್ಯಾಸಗಳ ಪ್ರಸ್ತಾಪವೂ ಇತ್ತು. ಕ್ಲಸ್ಟರ್‌ಗೆ ಜಮೀನು ಕೊಡಬಹುದು, ರಸ್ತೆ ಹಾಕಿಸಬಹುದು. ಕೌಶಲ ಮಾತ್ರ ಶಂಕುಸ್ಥಾಪನೆಯಿಂದ ಬರುವುದಿಲ್ಲ. ಅದು ರಜೆಯ ಮಧ್ಯಾಹ್ನ, ಹಳೆಯ ಪತ್ರಿಕೆ ಹಾಸಿದ ಮೇಜಿನ ಮೇಲೆ, ಬೆರಳಿಗೆ ಅಂಟು ಮೆತ್ತಿಕೊಂಡ ಮಗುವೊಂದು ಬಾಗಿಲು ಸರಿಯಾಗಿ ಕೂಡಲಿಲ್ಲವೆಂದು ಮತ್ತೆ ಕಿತ್ತು ಜೋಡಿಸುವಾಗ ಬರುತ್ತದೆ. ಆ ಮೇಜಿನ ಮೇಲಿನ ಪೆಟ್ಟಿಗೆಗೆ ಶೇ. 70ರ ಸುಂಕ ಹೇರುವ ಮುನ್ನ, ನಾಳಿನ ಅಚ್ಚು ತಯಾರಕರು ಎಲ್ಲಿಂದ ಬರಬೇಕೆಂದು ದೆಹಲಿ ಒಮ್ಮೆ ಯೋಚಿಸಲಿ.