ಆಟದಂಗಳಕ್ಕೆ ಬೀಗ, ಕಾನೂನಿಗೆ ಮೌನ

ಹುಲಿ-ಕುರಿ ಆಟಕ್ಕೆ ಮಾಲೀಕರಿಲ್ಲ. ಹಂಪಿಯ ಮಂಟಪಗಳ ಹಾಸುಗಲ್ಲಿನ ಮೇಲೆ ಯಾರೋ ಕೊರೆದಿಟ್ಟ ಮನೆಗಳು ಇಂದಿಗೂ ಇವೆ. ಹಿಡಿ ಹರಳು ಆಯ್ದುಕೊಂಡರೆ ಆಟ ಮತ್ತೆ ಆರಂಭ. ಅಬ್ಬಿಗೇರಿಯ ಕಟ್ಟೆಯೊಂದರ ಮೇಲೆ ಇದ್ದಿಲ ಚೂರಿನಿಂದ ಗೆರೆ ಎಳೆದು ಚೌಕಾಬಾರಾಕ್ಕೆ ಕುಳಿತವರು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಅದೇ ಊರಿನ ಮಕ್ಕಳು ಮೊಬೈಲಿನಲ್ಲಿ ಕೂಡಿ ಆಡುವ ಆಟಗಳ ಸ್ಥಿತಿ ಬೇರೆ. ಅವು ಎಲ್ಲಿಯೋ ಇರುವ ಸಂಸ್ಥೆಯೊಂದರ ಅನುಮತಿಯಿಂದ ನಡೆಯುತ್ತವೆ. ಅನುಮತಿ ರದ್ದಾದ ದಿನ ಆಟವೂ ಇಲ್ಲ, ಅದಕ್ಕೆ ತೆತ್ತ ಹಣವೂ ಇಲ್ಲ.

ಹೆಸರುಕಾಳಿನ ದರ, ಹಿಂಗಾರಿನ ಮಳೆ, ಹದಗೆಟ್ಟ ರಸ್ತೆ ಇಷ್ಟೆಲ್ಲ ಇರುವಾಗ ರೋಣ ತಾಲ್ಲೂಕಿನ ಓದುಗರ ಮುಂದೆ ಆನ್‌ಲೈನ್ ಆಟದ ಅಳಿವು-ಉಳಿವನ್ನು ಸಂಪಾದಕೀಯದ ವಿಷಯವಾಗಿ ಇಡುವುದೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಉತ್ತರ ಕೊಡುವ ಹೊಣೆ ಪತ್ರಿಕೆಯದು. ಮಕ್ಕಳ ಕಾಲಹರಣವನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಹಣ ಕೊಟ್ಟು ಪಡೆದ ವಸ್ತು ಕೊಂಡವನದೋ ಅಲ್ಲವೋ, ಅನೇಕ ಕುಟುಂಬಗಳು ಕೂಡಿ ಬಳಸುವ ತಾಣವನ್ನು ಒಂದು ಪ್ರಕಟಣೆಯಿಂದ ಅಳಿಸಿಹಾಕಬಹುದೋ ಎಂಬುದು ಇಲ್ಲಿನ ವಿಚಾರ. ಅದು ಆಟದಲ್ಲಿ ಮೊದಲು ಎದುರಾಗಿದೆ, ಅಷ್ಟೆ.

ಆನ್‌ಲೈನ್ ಆಟ ಇಂದು ಮನೆಯ ಭಾಗವಾಗಿದೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾದ ನಂತರ ಡೇಟಾ ಅಗ್ಗವಾಯಿತು. 2020ರ ಲಾಕ್‌ಡೌನ್‌ನಲ್ಲಿ ನವಿ ಮುಂಬೈನ ಸಂಸ್ಥೆಯೊಂದು ರೂಪಿಸಿದ ಲೂಡೊ ಕಿಂಗ್ ದೇಶದ ಮನೆಮನೆಯನ್ನೂ ಹೊಕ್ಕಿತು. ದುಡಿಯಲು ಗೋವೆಗೋ ಬೆಂಗಳೂರಿಗೋ ಹೋದವರು, ಊರಿನಲ್ಲಿ ಉಳಿದ ಹಿರಿಯರು, ಶಾಲೆಯಿಲ್ಲದೆ ಕುಳಿತ ಮಕ್ಕಳು ಒಂದೇ ಹಾಸಿನ ಸುತ್ತ ಕೂಡಿದರು. ಆ ಆಟ ಇಂದಿಗೂ ನಡೆದಿದೆ, ಸಂತೋಷ. ನಾಳೆ ನಿಂತರೆ ಏನು ಎಂದು ಕೇಳಿದರೆ ಭಾರತದ ಯಾವ ಕಾನೂನಿನಲ್ಲಿಯೂ ನೇರ ಉತ್ತರವಿಲ್ಲ.

ಇದು ಊಹೆಯ ಭಯವಲ್ಲ. ಕೃಷಿ ಪ್ರಧಾನವಾದ ಈ ಜಿಲ್ಲೆಯವರು ಫಾರ್ಮ್‌ವಿಲ್ ಎಂಬ ಬೇಸಾಯದ ಆಟದ ಕಥೆಯನ್ನು ತಿಳಿಯಬೇಕು. ಅಮೆರಿಕದ ಜಿಂಗಾ ಸಂಸ್ಥೆ 2009ರ ಜೂನ್‌ನಲ್ಲಿ ಫೇಸ್‌ಬುಕ್ ಮೂಲಕ ಅದನ್ನು ತೆರೆಯಿತು. ಮರುವರ್ಷ ಬೆಂಗಳೂರಿನಲ್ಲಿಯೂ ತನ್ನ ಕಚೇರಿ ಸ್ಥಾಪಿಸಿತು. ಆಟದಲ್ಲಿ ಸ್ಟ್ರಾಬೆರಿ ನಾಲ್ಕು ಗಂಟೆಯಲ್ಲಿ ಫಲಕ್ಕೆ ಬರುತ್ತಿತ್ತು. ನಮ್ಮ ಎರೆಹೊಲದ ರೈತ ನಕ್ಕಾನು. ಆದರೆ ಹೊತ್ತಿಗೆ ಕೊಯ್ಯದಿದ್ದರೆ ಬೆಳೆ ಒಣಗುತ್ತಿತ್ತು, ನೆರೆಯವರು ಬಂದು ಗೊಬ್ಬರ ಹಾಕಿಕೊಡುತ್ತಿದ್ದರು, ಪ್ರತಿಯಾಗಿ ಅವರ ಹೊಲಕ್ಕೆ ಹೋಗಬೇಕಿತ್ತು. ಮುಯ್ಯಿ ಎಂಬ ನಮ್ಮ ಹಳೆಯ ಪದವೇ ಅದಕ್ಕೆ ಒಪ್ಪುತ್ತದೆ. ಉತ್ಕರ್ಷದ ದಿನಗಳಲ್ಲಿ ತಿಂಗಳಿಗೆ 8 ಕೋಟಿಗೂ ಹೆಚ್ಚು ಜನ ಅದನ್ನು ಆಡಿದರು. ಅವರಲ್ಲಿ ಅನೇಕರು ಅದುವರೆಗೆ ಗಣಕಯಂತ್ರದ ಆಟವನ್ನೇ ಆಡದ ಗೃಹಿಣಿಯರು, ನಿವೃತ್ತರು.

2020ರ ಡಿಸೆಂಬರ್ 31ರಂದು ಆ ಹೊಲಗಳೆಲ್ಲ ಇಲ್ಲವಾದವು. ಆಟಕ್ಕೆ ಆಧಾರವಾಗಿದ್ದ ಫ್ಲ್ಯಾಶ್ ತಂತ್ರಾಂಶವನ್ನು ಅಡೋಬಿ ಸಂಸ್ಥೆ 2020ರ ಅಂತ್ಯಕ್ಕೆ ಕೈಬಿಡುವುದಾಗಿ 2017ರಲ್ಲಿಯೇ ಘೋಷಿಸಿತ್ತು. ಕಾರಣ ಸಕಾರಣವೇ, ಮುನ್ಸೂಚನೆಯೂ ಇತ್ತು. ಆದರೆ ಹನ್ನೊಂದು ವರ್ಷ ಕಟ್ಟಿದ ಹೊಲವನ್ನು ತನ್ನ ಮನೆಯ ಯಂತ್ರದಲ್ಲಿ ನೋಡುವುದಕ್ಕಾದರೂ ಇಟ್ಟುಕೊಳ್ಳುವ ದಾರಿ ಆಟಗಾರನಿಗಿರಲಿಲ್ಲ. ಆತನ ಪರದೆಯ ಮೇಲೆ ಕಾಣುತ್ತಿದ್ದುದು ಚಿತ್ರ ಮಾತ್ರ; ಹೊಲದ ಲೆಕ್ಕವೆಲ್ಲ ಸಂಸ್ಥೆಯ ಸರ್ವರ್‌ನಲ್ಲಿತ್ತು. ಸ್ವಯಂಸೇವಕರು ಫ್ಲ್ಯಾಶ್‌ಪಾಯಿಂಟ್ ಎಂಬ ಸಂಗ್ರಹದಲ್ಲಿ ಲಕ್ಷಕ್ಕೂ ಹೆಚ್ಚು ಫ್ಲ್ಯಾಶ್ ಕೃತಿಗಳನ್ನು ಉಳಿಸಿದ್ದಾರೆ. ಒಬ್ಬರೇ ಆಡುವ ಚಿಕ್ಕ ಆಟಗಳಿಗೆ ಆ ಉಪಾಯ ಸಾಕು. ಸರ್ವರ್ ಆಧರಿಸಿದ ಆಟವನ್ನು ಹೊರಗಿನಿಂದ ಉಳಿಸುವುದು ಕಷ್ಟಸಾಧ್ಯ.

ಹೆಚ್ಚು ಆತಂಕಕಾರಿಯಾದ ಸಂಗತಿ ಬೇರೊಂದಿದೆ. ಮಕ್ಕಳಿಗೆಂದೇ ಎಚ್ಚರದಿಂದ ಕಟ್ಟಿದ ಆಟಗಳೂ ಈ ಸಾಲಿನಲ್ಲಿ ಹೋಗಿವೆ. ಡಿಸ್ನಿ ಸಂಸ್ಥೆಯ ಟೂನ್‌ಟೌನ್ 2003ರಲ್ಲಿ ತೆರೆದು 2013ರ ಸೆಪ್ಟೆಂಬರ್ 19ರಂದು ಮುಚ್ಚಿತು. ಅಪರಿಚಿತರು ಮಗುವಿನೊಡನೆ ಸಲ್ಲದ ಮಾತಾಡದಂತೆ, ಮೊದಲೇ ಸಿದ್ಧಪಡಿಸಿದ ವಾಕ್ಯಗಳಲ್ಲಿ ಮಾತ್ರ ಸಂಭಾಷಿಸುವ ವ್ಯವಸ್ಥೆ ಅಲ್ಲಿತ್ತು. ಕೆನಡಾದಲ್ಲಿ 2005ರಲ್ಲಿ ಹುಟ್ಟಿದ ಕ್ಲಬ್ ಪೆಂಗ್ವಿನ್‌ನಲ್ಲಿ ಮಾತುಗಳನ್ನು ಗಮನಿಸಲು ಸಿಬ್ಬಂದಿಯೇ ಇದ್ದರು. 2007ರಲ್ಲಿ ಡಿಸ್ನಿ ಅದನ್ನು 35 ಕೋಟಿ ಡಾಲರ್ ಕೊಟ್ಟು ಕೊಂಡಿತು. 20 ಕೋಟಿಗೂ ಮಿಕ್ಕಿ ಖಾತೆಗಳಿದ್ದ ಆಟ 2017ರ ಮಾರ್ಚ್ ಕೊನೆಯಲ್ಲಿ ನಿಂತಿತು. ಕಡೆಯ ರಾತ್ರಿ ಅಷ್ಟು ಹೊತ್ತಿಗೆ ದೊಡ್ಡವರಾಗಿದ್ದ ಹಳೆಯ ಆಟಗಾರರು ಮರಳಿ ಬಂದು, ಸರ್ವರ್ ಕಡಿತವಾಗುವವರೆಗೆ ಕುಳಿತಿದ್ದರು.

ಮಗುವನ್ನು ಕಾಯಲು ಸಿಬ್ಬಂದಿ ಬೇಕು, ಸಿಬ್ಬಂದಿಗೆ ಸಂಬಳ ಬೇಕು. ಪಣದ ಆಟಕ್ಕೆ ಆ ಖರ್ಚಿಲ್ಲ, ಆದಾಯ ಮಾತ್ರ ಉಂಟು. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಮೊದಲು ಬಾಗಿಲು ಹಾಕುವುದು ಸುರಕ್ಷಿತ ಅಂಗಳವೇ ಎಂದು ಈ ಪತ್ರಿಕೆ ಭಾವಿಸುತ್ತದೆ. ಮಕ್ಕಳು ಆಟ ಬಿಡುವುದಿಲ್ಲ. ಕಾವಲಿರುವ ಅಂಗಳದಿಂದ ಕಾವಲಿಲ್ಲದ ಬೀದಿಗೆ ಹೋಗುತ್ತಾರೆ.

ನಮ್ಮ ಸರ್ಕಾರಗಳು ಆ ಬೀದಿಯ ಬಗ್ಗೆ ಮಾತ್ರ ಯೋಚಿಸಿವೆ. ಪಣದ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಹಣದ ಆಟ ನಡೆಸಿದವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಸಾಲದ ಸುಳಿಗೆ ಬಿದ್ದ ಮನೆಗಳನ್ನು ಕಂಡವರು ಈ ಕಾಠಿಣ್ಯವನ್ನು ಒಪ್ಪುತ್ತಾರೆ. ಅದೇ ಕಾಯ್ದೆ ಪಣವಿಲ್ಲದ ಸಾಮಾಜಿಕ ಆಟಗಳನ್ನು ಪ್ರತ್ಯೇಕ ವರ್ಗವೆಂದು ಗುರುತಿಸಿ ಉತ್ತೇಜಿಸುವ ಮಾತಾಡಿದೆ. ಆದರೆ ಹಾಗೆ ಉತ್ತೇಜನ ಪಡೆದ ಆಟವನ್ನು ಸಂಸ್ಥೆ ಒಂದು ದಿನ ನಿಲ್ಲಿಸಿದರೆ ಆಟಗಾರನಿಗೆ ಉಳಿಯುವುದೇನು ಎಂಬಲ್ಲಿ ಅದರ ಮಾತು ನಿಂತುಹೋಗುತ್ತದೆ.

ಯುರೋಪಿನಲ್ಲಿ ಈ ಮೌನವನ್ನು ಪ್ರಶ್ನಿಸಿದವರು ಆಟಗಾರರೇ. ಯೂಬಿಸಾಫ್ಟ್ ಸಂಸ್ಥೆ 2014ರಲ್ಲಿ ಮಾರಿದ ದಿ ಕ್ರೂ ಎಂಬ ಕಾರೋಟದ ಆಟವನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ಅಂಗಡಿಯಲ್ಲಿ ಪೂರ್ಣ ಬೆಲೆ ಕೊಟ್ಟು ತಂದ ಡಿಸ್ಕ್ ಕೂಡ ಅಂದಿನಿಂದ ನಿಷ್ಪ್ರಯೋಜಕ. ಆ ಬೆನ್ನಲ್ಲೇ ಆರಂಭವಾದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಯುರೋಪಿಯನ್ ಒಕ್ಕೂಟದ ನಾಗರಿಕರ ಮನವಿಗೆ ಅಗತ್ಯವಾದ 10 ಲಕ್ಷ ಸಹಿಗಳ ಗಡಿಯನ್ನು 2025ರ ಜುಲೈನಲ್ಲಿ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಯಲ್ಲಿರುವ ಕಾನೂನಿನಂತೆ, ಬಳಕೆಯ ಪರವಾನಗಿಯನ್ನಷ್ಟೇ ಕೊಡುವ ಮಾರಾಟಗಾರ ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿ' ಎಂಬ ಪದ ಬಳಸುವಂತಿಲ್ಲ. ಸಣ್ಣ ಹೆಜ್ಜೆ, ಆದರೂ ಸುಳ್ಳು ನಿಂತಿತು.

ಸಂಸ್ಥೆಗಳ ಪಕ್ಷವನ್ನೂ ಹೇಳಬೇಕು. ಸರ್ವರ್‌ಗೆ ಬಾಡಿಗೆ ಉಂಟು, ಭದ್ರತೆಗೆ ವೆಚ್ಚ ಉಂಟು, ಸಂಗೀತ ಮತ್ತು ಚಿತ್ರಗಳ ಹಕ್ಕಿನ ಅವಧಿ ಮುಗಿಯುವುದುಂಟು. ನಷ್ಟದ ಆಟವನ್ನು ಅನಂತಕಾಲ ನಡೆಸಿ ಎಂದು ಯಾರೂ ಆಜ್ಞಾಪಿಸಲಾಗದು, ಈ ಪತ್ರಿಕೆಯೂ ಅದನ್ನು ಕೇಳುತ್ತಿಲ್ಲ. ನಡೆಸಲಾಗದಿದ್ದರೆ ಬಿಟ್ಟುಕೊಡಿ ಎಂಬುದಷ್ಟೇ ಬೇಡಿಕೆ. ಅದು ಅಸಾಧ್ಯವೂ ಅಲ್ಲ. ನಿಂಟೆಂಡೊ ಸಂಸ್ಥೆ 'ಆ್ಯನಿಮಲ್ ಕ್ರಾಸಿಂಗ್: ಪಾಕೆಟ್ ಕ್ಯಾಂಪ್' ಎಂಬ ಸೌಮ್ಯ ಕುಟುಂಬದ ಆಟದ ಆನ್‌ಲೈನ್ ಸೇವೆಯನ್ನು 2024ರ ನವೆಂಬರಿನಲ್ಲಿ ನಿಲ್ಲಿಸಿದಾಗ, ಒಮ್ಮೆ ಬೆಲೆ ಕೊಟ್ಟರೆ ಆಡಬಹುದಾದ ಆಫ್‌ಲೈನ್ ಆವೃತ್ತಿಯನ್ನು ಕೆಲವೇ ದಿನಗಳಲ್ಲಿ ಹೊರತಂದಿತು. ಹಳೆಯ ಆಟಗಾರರು ತಮ್ಮ ದಾಖಲೆಗಳನ್ನು ಅದಕ್ಕೆ ವರ್ಗಾಯಿಸಿಕೊಳ್ಳುವ ಅವಕಾಶವೂ ಇತ್ತು.

ಆಟಗಾರರೇ ಉಳಿಸಿಕೊಂಡ ನಿದರ್ಶನವೂ ಇದೆ. ಸಿಟಿ ಆಫ್ ಹೀರೋಸ್ ಎಂಬ ಆಟ 2012ರ ನವೆಂಬರಿನಲ್ಲಿ ನಿಲ್ಲುವ ಮುನ್ನ ಆಟಗಾರರು ಮನವಿ ಸಲ್ಲಿಸಿದರು, ಆಟದೊಳಗೇ ಪಂಜು ಹಿಡಿದು ನೆರೆದರು. ಆಗ ಫಲ ಸಿಗಲಿಲ್ಲ. ಮುಂದೆ ದೇಣಿಗೆಯಿಂದ ಸರ್ವರ್ ನಡೆಸುತ್ತಿದ್ದ ಸ್ವಯಂಸೇವಕರಿಗೆ 2024ರ ಜನವರಿಯಲ್ಲಿ ಮೂಲ ಸಂಸ್ಥೆಯೇ ಪರವಾನಗಿ ಕೊಟ್ಟಿತು. ಹನ್ನೊಂದು ವರ್ಷ ಕಾದದ್ದಕ್ಕೆ ಸಿಕ್ಕ ನ್ಯಾಯ. ಟೂನ್‌ಟೌನ್‌ನ್ನು ಅಭಿಮಾನಿಗಳು ಮತ್ತೆ ಕಟ್ಟಿದ್ದಾರೆ, ಅದು ನಡೆದಿದೆ. ಕ್ಲಬ್ ಪೆಂಗ್ವಿನ್‌ನ್ನು ಹಾಗೆಯೇ ಮರುಕಟ್ಟಿದ ತಾಣವೊಂದನ್ನು ಮಾತ್ರ 2022ರ ಏಪ್ರಿಲ್‌ನಲ್ಲಿ ಲಂಡನ್ನಿನ ಪೊಲೀಸರು ವಶಕ್ಕೆ ಪಡೆದರು. ಒಂದೇ ಬಗೆಯ ಶ್ರಮ. ಒಂದು ಕಡೆ ಸಹನೆ, ಇನ್ನೊಂದು ಕಡೆ ಬಂಧನ. ಮಾಲೀಕರ ಮರ್ಜಿಯನ್ನು ನಂಬಿ ಸಾರ್ವಜನಿಕ ಹಿತ ಬದುಕಲಾರದು.

ಗದಗ ಜಿಲ್ಲೆಗೆ ಈ ಪಾಠವನ್ನು ಪರದೇಶದಿಂದ ಕಲಿಯುವ ಅಗತ್ಯವಿಲ್ಲ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು; ದೇಶದ ಸಹಕಾರ ಚಳವಳಿ ತನ್ನ ಮೂಲವನ್ನು ಅಲ್ಲಿ ಗುರುತಿಸುತ್ತದೆ. ಜನರ ಒಗ್ಗಟ್ಟನ್ನು ನಾವು ಸದಾ ನೆನೆಯುತ್ತೇವೆ. ಅದರ ಹಿಂದಿನ ವರ್ಷ, 1904ರಲ್ಲಿ, ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂದಿತ್ತೆಂಬುದನ್ನು ಮರೆಯುತ್ತೇವೆ. ಇಚ್ಛೆ ಊರಿನದು, ಆಸರೆ ಕಾನೂನಿನದು. ನಿಂತುಹೋಗುವ ಆಟವನ್ನು ತಾವೇ ನಡೆಸಿಕೊಳ್ಳಲು ಸಿದ್ಧರಿರುವ ಆಟಗಾರರಿಗೆ ಇಂದು ಇಚ್ಛೆಯಿದೆ. 1904 ಇನ್ನೂ ಬಂದಿಲ್ಲ.

ಇರುವ ಕಾನೂನು ಪೂರ್ಣ ನಿರುಪಯುಕ್ತವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಕರಾರು' ಎಂಬುದನ್ನು ವ್ಯಾಖ್ಯಾನಿಸಿದೆ. ಸಮಂಜಸ ಕಾರಣವಿಲ್ಲದೆ ಏಕಪಕ್ಷೀಯವಾಗಿ ಒಪ್ಪಂದ ಮುರಿಯುವ ಅಧಿಕಾರವನ್ನು ಒಬ್ಬರಿಗೇ ಕೊಡುವ ಷರತ್ತು ಅದರಲ್ಲಿ ಸೇರುತ್ತದೆ. ಆಟ ತೆರೆಯುವ ಮುನ್ನ ನಾವು ಓದದೆ ಒಪ್ಪುವ ಷರತ್ತುಗಳಲ್ಲಿ ಇಂಥವು ಸಾಮಾನ್ಯ. ತೊಡಕೆಂದರೆ, ಅನ್ಯಾಯದ ಕರಾರಿನ ದೂರನ್ನು ಜಿಲ್ಲಾ ಆಯೋಗ ಆಲಿಸಲಾಗದು. ಆ ಅಧಿಕಾರ ರಾಜ್ಯ ಆಯೋಗ ಮತ್ತು ಅದರ ಮೇಲಿನ ರಾಷ್ಟ್ರೀಯ ಆಯೋಗದ್ದು. ಮಗು ಆಟದಲ್ಲಿ ಖರ್ಚು ಮಾಡಿದ ಇನ್ನೂರು ರೂಪಾಯಿಗಾಗಿ ಅಬ್ಬಿಗೇರಿಯ ತಂದೆ ವಕೀಲರನ್ನು ಹಿಡಿದು ರಾಜ್ಯ ಆಯೋಗದ ಮೆಟ್ಟಿಲು ಹತ್ತುವನೇ? ಹತ್ತುವುದಿಲ್ಲ ಎಂಬ ಭರವಸೆಯ ಮೇಲೆಯೇ ಈ ವ್ಯಾಪಾರ ನಿಂತಿದೆ.

ಆದ್ದರಿಂದ ಗ್ರಾಹಕರ ಗುಂಪಿನ ಪರವಾಗಿ ಸ್ವತಃ ಕ್ರಮ ಕೈಗೊಳ್ಳಬಲ್ಲ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲು ಎಚ್ಚರಗೊಳ್ಳಬೇಕು. ಅಂತರ್ಜಾಲ ಮಾರಾಟದ ವಂಚಕ ವಿನ್ಯಾಸಗಳ ವಿರುದ್ಧ ಅದು 2023ರಲ್ಲಿ ಮಾರ್ಗಸೂಚಿ ಹೊರಡಿಸಿದೆ; ಆಟ ಮುಚ್ಚುವ ಕ್ರಮಕ್ಕೂ ಅಂಥದೇ ಮಾರ್ಗಸೂಚಿ ಅವಶ್ಯ. ಕನಿಷ್ಠ ಆರು ತಿಂಗಳ ಮುನ್ಸೂಚನೆ ಇರಬೇಕು, ಆ ಅವಧಿಯಲ್ಲಿ ಹೊಸ ಖರೀದಿ ನಿಲ್ಲಬೇಕು, ಬಳಸದೆ ಉಳಿದ ಹಣ ಮರಳಬೇಕು, ಸರ್ವರ್ ಇಲ್ಲದೆ ಆಡುವ ಆವೃತ್ತಿಯನ್ನೋ ಖಾಸಗಿಯಾಗಿ ನಡೆಸಿಕೊಳ್ಳುವ ಪರವಾನಗಿಯನ್ನೋ ಬಿಟ್ಟು ಹೋಗಬೇಕು. ಕೇಂದ್ರ ಸರ್ಕಾರ ಸಾಮಾಜಿಕ ಆಟಗಳಿಗೆ ಮಾನ್ಯತೆ ನೀಡುವಾಗ ಇದನ್ನೇ ಷರತ್ತಾಗಿಸಬಹುದು.

ರಾಜ್ಯಕ್ಕೆ ಹೊಣೆ ಕಡಿಮೆಯೇನಲ್ಲ. ಆ್ಯನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ರೂಪಿಸಿದ ರಾಜ್ಯ ನಮ್ಮದು. 2024-29ರ ಅವಧಿಗೆ ಹೊಸ ನೀತಿಯೂ ಇದೆ. ತೆರಿಗೆದಾರರ ನೆರವು ಪಡೆದು ಬೆಂಗಳೂರಿನಲ್ಲಿ ತಯಾರಾಗುವ ಆಟದ ಒಂದು ಪ್ರತಿ, ಮೂಲ ಸಂಕೇತದ ಸಹಿತ, ಸಾರ್ವಜನಿಕ ಸಂಗ್ರಹದಲ್ಲಿ ಉಳಿಯಬೇಕೆಂಬ ಷರತ್ತು ವಿಧಿಸಲು ದೆಹಲಿಯ ಅಪ್ಪಣೆ ಬೇಕಿಲ್ಲ. ಪುಸ್ತಕಕ್ಕೆ ಈ ನಿಯಮ 1954ರಿಂದಲೂ ಇದೆ: ಪ್ರಕಾಶಕರು ಪ್ರತಿ ಕೃತಿಯನ್ನೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ತಮ್ಮ ಖರ್ಚಿನಲ್ಲಿ ಕಳುಹಿಸಬೇಕು.

ಸಿನಿಮಾದ ವಿಷಯದಲ್ಲಿ ನಾವು ತಡಮಾಡಿದೆವು. 1934ರ ಮಾರ್ಚ್‌ನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು ಅದಾಗಿ ಮೂವತ್ತು ವರ್ಷಗಳ ನಂತರ. ಆಟಗಳ ವಿಷಯದಲ್ಲಿಯೂ ಅದೇ ಆಗುತ್ತಿದೆ. ಅಮೆರಿಕದ ವಿಡಿಯೊ ಗೇಮ್ ಇತಿಹಾಸ ಪ್ರತಿಷ್ಠಾನ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇ 87ರಷ್ಟು ಆಗ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಭಾರತದಲ್ಲಿಯೂ ಲೆಕ್ಕ ಹಿಡಿಯುವ ಕೆಲಸವನ್ನು ಒಂದು ಸಂಸ್ಥೆಗೆ ವಹಿಸಬೇಕು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಮ್ಮ ಹಳ್ಳಿಗಳ ಮಕ್ಕಳು ಏನನ್ನು ಆಡುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ ಎಂಬ ಸಮೀಕ್ಷೆಯನ್ನು ರೋಣ ತಾಲ್ಲೂಕಿನಿಂದಲೇ ಆರಂಭಿಸಲಿ. ಗ್ರಾಮ ಪಂಚಾಯತಿಗಳ ಅರಿವು ಕೇಂದ್ರಗಳಲ್ಲಿ ಗಣಕಯಂತ್ರಗಳು ಬಂದಿರುವೆಡೆ, ಸಂಪರ್ಕವಿಲ್ಲದೆ ಆಡಬಹುದಾದ ಮಕ್ಕಳ ಆಟಗಳನ್ನು ಅಳವಡಿಸಲು ಹೆಚ್ಚಿನ ಅನುದಾನವೇನೂ ಬೇಕಾಗದು. ಪಕ್ಕದಲ್ಲಿ ಒಂದು ಅಳಗುಳಿ ಮಣೆಯೂ ಇದ್ದರೆ ಒಳ್ಳೆಯದು.

ಓದುಗರಲ್ಲಿ ಒಂದು ವಿನಂತಿ. ಮನೆಯ ಮಕ್ಕಳು ಆಡುವ ಆಟಕ್ಕೆ ಹಣ ಕೊಟ್ಟಿದ್ದರೆ, ಪಾವತಿಯ ಸಂದೇಶವನ್ನು ಅಳಿಸಬೇಡಿ. ಆಟ ನಿಲ್ಲುವ ಪ್ರಕಟಣೆ ಬಂದ ದಿನವೇ ಅದರ ಚಿತ್ರ ತೆಗೆದಿಟ್ಟುಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ. ಕನ್ನಡದಲ್ಲಿಯೇ ಮಾತನಾಡಬಹುದು.