ನೊರೆ ಸೂರಿಗೆ, ಹೀರೋ ಮೂಲೆಗೆ!

‘ಮಾಂಟಿ ಪೈಥಾನ್ ಲೈವ್ ಅಟ್ ದಿ ಹಾಲಿವುಡ್ ಬೌಲ್’ (1982) ನೋಡಿದ್ದೀರಾ ಗುರೂ? ಎರಿಕ್ ಐಡಲ್ ಉಸಿರು ಬಿಡದೆ ಪ್ರವಾಸಿಗಳನ್ನ ಬೈತಾನಲ್ಲ, ನಡುವೆ ಒಂದು ಬಿಯರ್ ಹೆಸರು ಬರುತ್ತೆ: ವಾಟ್ನೀಸ್ ರೆಡ್ ಬ್ಯಾರಲ್. ಬ್ರಿಟನ್ನಿನ ಕುಡುಕರೇ ಮೂಗು ಮುರಿದ ಸಪ್ಪೆ ಸರಕು!

ಅದೇ ಕಂಪನಿ 1968ರಲ್ಲಿ ‘ಪಾರ್ಟಿ ಸೆವೆನ್’ ಡಬ್ಬ ಬಿಟ್ಟಿತು. ಏಳು ಪೈಂಟ್, ಅಂದ್ರೆ ಹತ್ತಿರ ಹತ್ತಿರ 4 ಲೀಟರ್! ತೆರೆಯೋಕೆ ಸ್ಕ್ರೂಡ್ರೈವರು, ಸುತ್ತಿಗೆ. ಒಂದೇ ಏಟು... ಬುಸ್ಸ್! ನೊರೆ ಸೀದಾ ಸೂರಿಗೆ. ಹೊಸ ಶರ್ಟು ಹಾಕಿ ಬಂದ ಹೀರೋ ತೊಪ್ಪೆ.

1971ರಲ್ಲಿ ನಾಲ್ವರು ಹುಡುಗರು ರೋಸಿಹೋಗಿ ಒಳ್ಳೇ ಬಿಯರಿಗಾಗಿ ‘ಕ್ಯಾಮ್ರಾ’ ಚಳವಳಿಯನ್ನೇ ಹೂಡಿದರು. (ನಗಬೇಡಿ, ಅದು ಇನ್ನೂ ಜೀವಂತ!)

ಅಂದು ಬೈದವರೇ ಇಂದು ಆ ಖಾಲಿ ಡಬ್ಬ ಕಂಡ್ರೆ ಮೆತ್ತಗಾಗ್ತಾರೆ. ಶರ್ಟು ಒದ್ದೆಯಾದಾಗ ಕಿಸಕ್ಕನೆ ನಕ್ಕಳಲ್ಲ, ಅವಳ ಹೆಸರು ಏನಿತ್ತು...