ಅರ್ಕಾವತಿಯ ನೀರು, ಯೂರೋಪಿನ ಗುಲಾಬಿ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಹಾಕಿ 1894ರಲ್ಲಿ ಬೆಂಗಳೂರಿಗೆ ನೀರು ಕೊಂಡೊಯ್ದರು. ಇಂದು ನದೀಪಾತ್ರ ಬತ್ತಿದೆ; ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿದೆ. ಆದರೂ ಫೆಬ್ರವರಿ 14ರ ಗುಲಾಬಿಗೆ ಮಾತ್ರ ಕೊಳವೆಬಾವಿಯ ನೀರಿಗೆ ಬರವಿಲ್ಲ! ಹೂವಿನೊಡನೆ ನೀರೂ ದೇವನಹಳ್ಳಿಯಿಂದ ವಿಮಾನವೇರುತ್ತದೆ. ಬೆಲೆಪಟ್ಟಿಯಲ್ಲಿ ಅದಕ್ಕೊಂದು ಸಾಲೂ ಇಲ್ಲ.

ಐರೋಪ್ಯ ಒಕ್ಕೂಟದೊಡನೆ 2007ರಲ್ಲಿ ಆರಂಭವಾಗಿದ್ದ ಮುಕ್ತ ವ್ಯಾಪಾರದ ಮಾತುಕತೆ 2026ರ ಜನವರಿಯಲ್ಲಿ ಮುಗಿಯಿತು. ಸುಂಕ ಇಳಿಯುವುದೆಂದು ಸಂಭ್ರಮವೋ ಸಂಭ್ರಮ. ಒಕ್ಕೂಟವು ತನ್ನ ಗಡಿಯಲ್ಲಿ ಹಣ್ಣು, ತರಕಾರಿಯ ಮೇಲಿನ ಕೀಟನಾಶಕದ ಶೇಷವನ್ನು ಅಳೆಯುತ್ತದೆ; ಅದನ್ನು ಸಿಂಪಡಿಸಿದ ಕೂಲಿಯಾಳಿನ ಉಸಿರನ್ನು ಅಳೆಯುವವರಾರು? ಅಲ್ಲಿ ನಿಷೇಧವಾದ ಕೆಲವು ಕೀಟನಾಶಕಗಳನ್ನು ಅಲ್ಲಿನ ಕಂಪನಿಗಳೇ ಹೊರದೇಶಗಳಿಗೆ ಮಾರಿವೆ. ಬ್ರಿಟಿಷರ ಕಾಲದಲ್ಲಿ ಹತ್ತಿ ಹೋಗಿ ಬಟ್ಟೆ ಬರುತ್ತಿತ್ತು. ರಫ್ತಿನ ತೋಟಗಳ ಕೊಳವೆಬಾವಿಗಳಿಗೆ ಮೀಟರು ಕೂರಿಸಿ, ಆ ಲೆಕ್ಕವನ್ನು ಮೊದಲು ಗ್ರಾಮಸಭೆಯ ಮುಂದಿಡಲಿ.